ಬಾಗಿಲಿಂದ ಬಂದವರನ್ನು ಕೇಳಬಾರದು

ನಮ್ಮೂರಿನ ಬಾಗಿಲಿಗೆ ಗೋಡೆ ಇರಲಿಲ್ಲ. ಇದನ್ನು ಹೇಳಿದಾಗಲೆಲ್ಲ ಕೂಡ್ಲಿಗಿಯ ಹೈಸ್ಕೂಲಿನಲ್ಲಿ ಗೆಳತಿಯರು ಬಿದ್ದು ಬಿದ್ದು ನಗುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. ನಗುವುದೇನಿದೆ ಅದರಲ್ಲಿ? ಗುಡೇಕೋಟೆಯ ಆಚೆ ಗುಡ್ಡ ಹತ್ತಿಳಿದು ಹೋದರೆ ಸಿಗುವ ಊರು ನಮ್ಮದು. ಕೆರೆ ಏರಿಯಿಂದ ಊರಿಗೆ ಹತ್ತುವ ಕಾಲುದಾರಿಯಲ್ಲಿ, ಮನೆಗಳು ಇನ್ನೇನು ಕಾಣಬೇಕು ಅನ್ನುವಲ್ಲಿ, ಎರಡು ಕಲ್ಲಿನ ಕಂಬ, ಮೇಲೊಂದು ಅಡ್ಡಗಲ್ಲು, ಕೆಳಗೊಂದು ಹೊಸ್ತಿಲು. ಅಷ್ಟೇ. ಹಿಂದೆ ಅಲ್ಲಿ ಪಾಳೇಗಾರರ ಕಾವಲು ಮನೆ ಇತ್ತೋ, ಗುಡಿ ಇತ್ತೋ, ಯಾರಿಗೂ ಗೊತ್ತಿಲ್ಲ. ಎರಡೂ ಬದಿಗೆ ಬರೀ ಬಯಲು, ಜಾಲಿ ಗಿಡ, ಕುರಿ ಹಿಕ್ಕೆ. ನಾವೆಲ್ಲ ಬದಿಯಿಂದ ಸುತ್ತಿಕೊಂಡೇ ಊರಿಗೆ ಬರುತ್ತಿದ್ದೆವು. ಅದರೊಳಗಿಂದ ಮಾತ್ರ ಯಾರೂ ದಾಟುತ್ತಿರಲಿಲ್ಲ.

ಯಾಕೆಂದರೆ ಅದು 'ಆ ಕಡೆ'ಯ ಬಾಗಿಲು. ಆ ಕಡೆಯ ಸುದ್ದಿಯೆಲ್ಲ ನಮಗೆ ಗೊತ್ತಿದ್ದದ್ದು ಅಜ್ಜಿಯಿಂದ, ನಮ್ಮಪ್ಪನ ಅವ್ವನಿಂದ. ಅಂಗಳದಲ್ಲಿ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತ ಹೇಳುತ್ತಿದ್ದಳು. ಅಲ್ಲಿ ನೆರಳು ಸೂರ್ಯನ ಕಡೆಗೇ ಬೀಳುತ್ತದಂತೆ. ಬೆಳಿಗ್ಗೆ ಉಣ್ಣೆ ಕತ್ತರಿಸಿದ ಕುರಿಗೆ ಸಂಜೆಯೊಳಗೆ ಮತ್ತೆ ಮೈತುಂಬ ಉಣ್ಣೆಯಂತೆ. ಅಲ್ಲಿಯವರು ಉಪ್ಪು ಕಂಡವರಲ್ಲವಂತೆ. ಅದು ದೇವರ ಜಾಗವೂ ಅಲ್ಲ, ಸತ್ತವರು ಹೋಗುವ ಜಾಗವೂ ಅಲ್ಲ, ನಮ್ಮಂಥವರೇ ಇರುವ ಇನ್ನೊಂದು ಸೀಮೆ. ಅಲ್ಲಿಂದ ಆಗೊಮ್ಮೆ ಈಗೊಮ್ಮೆ ಯಾರಾದರೂ ದಾರಿ ತಪ್ಪಿ ಈ ಕಡೆ ಬರುತ್ತಾರೆ. ಹಾಗೆ ಬಂದವರ ಹೆಸರು ಕೇಳಬಾರದು, ಊರು ಕೇಳಬಾರದು, ಯಾವ ಜಾತಿ, ಯಾವ ಪೈಕಿ ಅಂತಲೂ ಕೇಳಬಾರದು. ಅವರಾಗಿಯೇ ಹೇಳಲು ಬಂದರೆ ಕಿವಿಗೆ ಬೀಳದ ಹಾಗೆ ಉಣ್ಣುವ ಗಂಗಾಳ ಬಡಿಯಬೇಕು. ಉಣ್ಣಲು ಕೊಡಬೇಕು, ಮಲಗಲು ಕಂಬಳಿ ಕೊಡಬೇಕು. ಅವರು ಹೋಗುವುದಾದರೆ ತಮ್ಮ ಕಾಲಿನಿಂದಲೇ ಹೊಸ್ತಿಲು ದಾಟಿ ಹೋಗಬೇಕು, ಯಾರೂ ಎಳೆದೊಯ್ಯುವ ಹಾಗಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲ ಮೇಲೆ ಒಂದು ಚೊಂಬು ನೀರು ಸುರಿದರೆ ಬಾಗಿಲು ಮುಚ್ಚಿದಂತೆ. ಆಮೇಲೆ ಬೆಳಗಾಗುವ ತನಕ ಆ ಕಡೆಯವರು ಈ ಕಡೆ ಕಾಲಿಡುವಂತಿಲ್ಲ.

ನೀರು ಹಾಕುವ ಕೆಲಸ ಅಜ್ಜಿಯದು. ಜ್ವರ ಬಂದರೂ ಹೋಗುತ್ತಿದ್ದಳು, ಮಳೆ ಹೊಯ್ಯುತ್ತಿದ್ದರೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದಳು. 'ಮಳೆನೇ ಹಾಕಾಕ ಹತ್ತೇತಲ್ಲ ನೀರು, ನೀ ಯಾಕ ಹೋಗ್ತಿ' ಎಂದು ನಾನು ವಾದ ಹಾಕಿದರೆ, 'ಮಳಿ ಮಳಿ, ಚೊಂಬು ಚೊಂಬು' ಎಂದು ಬಾಯಿ ಮುಚ್ಚಿಸುತ್ತಿದ್ದಳು. ಈ ಕೆಲಸದಿಂದಾಗಿಯೇ ಆಕೆ ಊರು ಬಿಟ್ಟು ಎಲ್ಲಿಗೂ ಹೋದವಳಲ್ಲ. ಕೂಡ್ಲಿಗಿ ಸಂತೆಗೂ ಇಲ್ಲ. ಬಸ್ಸನ್ನೇ ಹತ್ತಿರಲಿಲ್ಲ ಎಂದರೆ ನಂಬುತ್ತೀರಾ? ಏನು ಕೇಳಿದರೂ ಆ ಕಡೆಗೇ ಕೈ ತೋರಿಸುವುದು ಬೇರೆ. ಸೂಜಿ ಎಲ್ಲಿ ಹೋಯಿತು ಅಜ್ಜಿ? ಆ ಕಡಿಗೆ. ಈ ವರ್ಷದ ಮಳೆ ಎಲ್ಲಿ? ಆ ಕಡಿಗೆ. ನಿನ್ನ ತವರು? ಅದೂ ಆ ಕಡಿಗೆ. ನಾವು ನಗುತ್ತಿದ್ದೆವು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ಹೇಳಲಿ. ಚಿಕ್ಕವಳಿದ್ದಾಗ ಒಮ್ಮೆ ಅವ್ವನ ಮೇಲೆ ಸಿಟ್ಟಾಗಿ, ನೋಡೇಬಿಡೋಣ ಎಂದು ಬಾಗಿಲಿನೊಳಗಿಂದಲೇ ದಾಟಿ ಬಂದೆ. ಬಾಗಿಲಿಂದ ಬಂದವರಿಗೆ ಈ ಕಡೆ ಸಂಬಂಧಿಕರು ಇರುವುದಿಲ್ಲ. ಹಾಗಂತ ಇಡೀ ಊರು ಅವತ್ತು ನನ್ನನ್ನು ಅತಿಥಿ ಮಾಡಿಬಿಟ್ಟಿತು. ದೊಡ್ಡಪ್ಪ 'ಬರ್ರಿ, ಕೂಡ್ರಿ' ಅಂದ. ನಮ್ಮವ್ವ ನೆಟ್ಟಗೆ ಮುಖ ಇಟ್ಟುಕೊಂಡು 'ಇನ್ನೊಂದು ರೊಟ್ಟಿ ಹಾಕ್ಲೇನ್ರಿ' ಅಂದಳು. 'ಯವ್ವಾ, ನಾನು ನಿನ್ನ ಮಗಳು' ಎಂದು ಬಾಯಿ ತೆರೆದರೆ ಢಣಢಣ ಗಂಗಾಳ. ಮಧ್ಯಾಹ್ನದ ಹೊತ್ತಿಗೆ ನನ್ನ ಸಿಟ್ಟೆಲ್ಲ ಇಳಿದು ಅಳು ಬಂದಿತ್ತು. ಕೊನೆಗೆ ಅದೇ ಬಾಗಿಲಿಂದ ಆ ಕಡೆಗೆ ಹೋಗಿ, ಬದಿಯಿಂದ ಸುತ್ತಿ ಊರಿಗೆ ಬಂದ ಮೇಲೆ ಅವ್ವ ಬೆನ್ನಿಗೊಂದು ಗುದ್ದಿ 'ಬಂದ್ಯಾ' ಅಂದಳು. ಆ ಗುದ್ದಿನಷ್ಟು ಖುಷಿ ನನಗೆ ಬೇರೆ ಯಾವುದೂ ಕೊಟ್ಟಿಲ್ಲ.

ನಿಜವಾಗಿಯೂ ಬಾಗಿಲಿಂದ ಒಬ್ಬ ಹೆಂಗಸು ಬಂದದ್ದು ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ. ತೊಂಬತ್ತರ ದಶಕದ ನಡುವಿನ ಮಾತು. ಕುರಿ ಮೇಯಿಸುತ್ತಿದ್ದ ದೊಡ್ಡಪ್ಪನಿಗೆ ಮಜ್ಜಿಗೆ ಕೊಟ್ಟು ನಾನೂ ಅಜ್ಜಿಯೂ ವಾಪಸು ಬರುತ್ತಿದ್ದೆವು. ಬಾಗಿಲಿನ ಕಂಬ ಹಿಡಿದುಕೊಂಡು ಒಬ್ಬಳು ನಿಂತಿದ್ದಳು. ನಮ್ಮವ್ವನಿಗಿಂತ ಚಿಕ್ಕವಳು. ಕಾಲಲ್ಲಿ ಒಂದೇ ಚಪ್ಪಲಿ. ನಾವು ನೋಡನೋಡುತ್ತಲೇ ಹೊಸ್ತಿಲು ದಾಟಿ ಈ ಕಡೆ ಬಂದು ಅಲ್ಲೇ ಕುಸಿದು ಕೂತಳು.

'ಯಾರ್ರೀ ನೀವು? ಯಾವೂರು?' ಅಂದೆ ನಾನು. ಅಜ್ಜಿ ನನ್ನ ರಟ್ಟೆ ಚಿವುಟಿದ ರಭಸಕ್ಕೆ ಕಣ್ಣಲ್ಲಿ ನೀರು ಬಂತು.

'ಬಾಗಲಾಗಿಂದ ಬಂದಾರ, ಕೇಳಬಾರದು' ಎಂದು ನನಗೆ ಗದರಿಸಿ, ಆಕೆಯ ಕಡೆ ತಿರುಗಿ, 'ನೀರು ಕುಡೀತಿಯೇನವ್ವ?' ಅಂದಳು. ಬೇರೆ ಒಂದು ಮಾತೂ ಕೇಳಲಿಲ್ಲ.

ಹೀಗೆ ಆಕೆ ನಮ್ಮ ಮನೆಗೆ ಬಂದಳು. ಕರೆಯಲು ಒಂದು ಹೆಸರು ಬೇಕಲ್ಲ, ನಾನು ಚಿಕ್ಕವ್ವ ಅಂದೆ. ಯಾವ ಪೈಕಿ ಎಂದು ಗೊತ್ತಾಗದೆ ಊರಲ್ಲಿ ಯಾರಿಗೂ ಒಂದು ಲೋಟ ನೀರು ಕೊಡದ ಕಾಲ ಅದು. ಆದರೆ ಆಕೆಯ ಗಂಗಾಳ ನಮ್ಮ ಗಂಗಾಳಗಳ ಜೊತೆಗೇ ತೊಳೆದು ಬೋರಲು ಬೀಳುತ್ತಿತ್ತು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾನಂತೂ ಆಕೆಯ ಬೆನ್ನು ಬಿಡಲಿಲ್ಲ. ನೆರಳು ಯಾವ ಕಡೆ ಬೀಳುತ್ತದೆ ಎಂದು ನೋಡಿದೆ, ನಮ್ಮ ಹಾಗೇ ಬೀಳುತ್ತಿತ್ತು. ಸಾರಿಗೆ ಬೇಕಂತಲೇ ಉಪ್ಪು ಜಾಸ್ತಿ ಹಾಕಿ ಕೊಟ್ಟೆ, ಸುಮ್ಮನೆ ಉಂಡಳು. ಆದರೆ ಮುಂಗೈ ಮೇಲೆ, ಕತ್ತಿನ ಕೆಳಗೆ, ಬೆನ್ನ ಮೇಲೆ ಆಕೆಯ ಮೈ ಅಲ್ಲಲ್ಲಿ ನೀಲಿ ಇತ್ತು. ಸಿಕ್ಕಿತು ಗುರುತು ಎಂದು ಕುಣಿದಾಡಿದೆ ನಾನು. ಆ ಕಡೆಯವರ ಮೈ ನೀಲಿ ಇರುತ್ತದೆ ಎಂದು ಓಣಿಯ ಹುಡುಗಿಯರಿಗೆಲ್ಲ ಹೇಳಿಕೊಂಡು ಬಂದೆ. ಬರಬರುತ್ತ ಆ ನೀಲಿ ಹಳದಿಯಾಗಿ, ಹಳದಿಯೂ ಹೋಗಿ, ಮೈ ನಮ್ಮೆಲ್ಲರ ಹಾಗೆ ಆಯಿತು. ಈ ಕಡೆಯ ರೊಟ್ಟಿ ಉಂಡು ಈ ಕಡೆಯವಳಾದಳು ಎಂದುಕೊಂಡೆ. ಎಂಥ ಪೆದ್ದು ನಾನು.

ನಿಯಮ ಮುರಿದವಳು ನಮ್ಮವ್ವ. ಚಿಕ್ಕವ್ವನಿಗೆ ಎಣ್ಣೆ ಹಚ್ಚಿ ತಲೆ ಬಾಚುವಾಗ ಆಕೆ ತನ್ನ ಕಥೆ ಮೆಲ್ಲಗೆ ಹೇಳುತ್ತಿದ್ದಳು, ಅವ್ವ ಗಂಗಾಳ ಬಡಿಯದೆ ಕೇಳುತ್ತಿದ್ದಳು. ಅಜ್ಜಿ ಆಗ ಬೇಕಂತಲೇ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅವ್ವ ಅದನ್ನೆಲ್ಲ ಅಪ್ಪನಿಗೆ ಹೇಳುವಾಗ ಕದದ ಹಿಂದೆ ನಿಂತು ನಾನೂ ಕೇಳಿಸಿಕೊಂಡೆ. ಹರಪನಹಳ್ಳಿಯ ಆಚೆ, ಹಲವಾಗಲು ಕಡೆಯ ಹೊಳೆದಂಡೆಯ ಊರು. ತವರಿನಲ್ಲಿ ಯಾರೂ ಉಳಿದಿಲ್ಲ. ಗಂಡ ದಿನಾ ಬಡಿಯುತ್ತಿದ್ದ. ಒಮ್ಮೆ ಬಾವಿಗೆ ನೂಕಲು ಹೋಗಿದ್ದ, ಆಗ ತಪ್ಪಿಸಿಕೊಂಡು ಸಿಕ್ಕ ಬಸ್ಸು ಹತ್ತಿ, ಅದು ನಿಂತಲ್ಲಿ ಇಳಿದು, ಗುಡ್ಡ ಕಂಡ ಕಡೆಗೆ ನಡೆದು ಬಂದಿದ್ದಳು.

'ಈ ಸಲ ಕರ್ಕೊಂಡು ಹೋದ್ರ ಜೀವ ಸಹಿತ ಬಿಡಂಗಿಲ್ಲ ಅಂತಾಳ' ಅಂದಳು ಅವ್ವ. ಆ ಮಾತು ಕೇಳಿದಾಗ ನೀಲಿ ಏನೆಂದು ನನಗೆ ತಿಳಿಯಿತು.

ಕಾರ್ತೀಕ ಕಳೆದು ಚಳಿ ಬಿದ್ದಿತ್ತು. ಊರೂರು ತಿರುಗುವ ಬಳೆಗಾರರ ಬಾಯಿಂದ ಸುದ್ದಿ ಹೊಳೆದಂಡೆ ಮುಟ್ಟಿತೆಂದು ಕಾಣುತ್ತದೆ, ಒಂದು ಮಧ್ಯಾಹ್ನ ಬಾಡಿಗೆ ಜೀಪೊಂದು ಕೆರೆ ಏರಿಯ ಮೇಲೆ ಬಂದು ನಿಂತಿತು. ಇಳಿದವರು ಮೂವರು. ಚಿಕ್ಕವ್ವನ ಗಂಡ, ಅವನ ಅಣ್ಣ, ಜೊತೆಗೆ ಮಾತಾಡಲೆಂದು ಕರೆತಂದ ಬಿಳಿ ಅಂಗಿಯ ಒಬ್ಬ ಹಿರಿಯ. ಏರಿಯಿಂದ ಊರಿಗೆ ಎರಡು ದಾರಿ. ಸುತ್ತಿಕೊಂಡು ಬರುವ ಬಂಡಿ ದಾರಿ ಒಂದು, ಸೀದಾ ಹತ್ತುವ ಕಾಲುದಾರಿ ಇನ್ನೊಂದು. ಅಲ್ಲೇ ಕುರಿ ಬಿಟ್ಟುಕೊಂಡು ನಿಂತಿದ್ದ ನಮ್ಮ ದೊಡ್ಡಪ್ಪನನ್ನು ದಾರಿ ಕೇಳಿದರು. ದೊಡ್ಡಪ್ಪ ಕೋಲಿನಿಂದ ಕಾಲುದಾರಿ ತೋರಿಸಿದ. ಬಿಸಿಲಾಗ ಸುತ್ತಬಾರದಲ್ಲ ಪಾಪ, ಅದಕ್ಕ ತೋರಿಸಿದೆ ಎಂದು ಆಮೇಲೆ ಆಣೆ ಮಾಡಿ ಹೇಳುತ್ತಿದ್ದ. ಚಳಿಗಾಲದಲ್ಲಿ ಎಂಥ ಬಿಸಿಲೋ.

ಅವರು ನಮ್ಮ ಅಂಗಳಕ್ಕೆ ಬಂದಾಗ ಚಿಕ್ಕವ್ವ ಒಳಗೆ ಹಿಟ್ಟು ನಾದುತ್ತಿದ್ದಳು. ದನಿ ಕೇಳಿದ್ದೇ ಕೈ ನಿಂತಿತು. ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟಳು. ಹೊರಗೆ ಹಿರಿಯ ನಯವಾಗಿ ಶುರು ಮಾಡಿದ.

'ನೋಡ್ರಮ್ಮ, ನಾವು ಜಗಳಕ್ಕೆ ಬಂದೋರಲ್ಲ. ನಮ್ಮ ಹುಡುಗಿ ಇಲ್ಲೇ ಐದಾಳೆ ಅಂತ ಗೊತ್ತಾತು.'

ಅಜ್ಜಿ ಕದಿರು ನಿಲ್ಲಿಸಲಿಲ್ಲ. 'ಯಾವ ದಾರಿಲೆ ಬಂದ್ರಿ?' ಅಂದಳು.

'ಏರಿ ಮ್ಯಾಲಿಂದ ಸೀದಾ ಬಂದ್ವಿ. ಒಂದು ಕಲ್ಲಿನ ಬಾಗ್ಲು ಐತಲ್ಲ, ಅದರಾಗಿಂದ.'

ಅಷ್ಟರಲ್ಲಿ ಕಟ್ಟೆಯ ಮೇಲೆ ಊರವರು ಕೂಡಿದ್ದರು. ಯಾರೋ ಒಬ್ಬರು ಕೆಮ್ಮಿದರು. ಅಜ್ಜಿ ಕದಿರು ಕೆಳಗಿಟ್ಟಳು. ಆಕೆಯ ಮುಖದ ತುಂಬ ಅಕ್ಕರೆ ಬಂತು.

'ಹಂಗೇನ್ರಿ? ಬರ್ರಿ, ಕೂಡ್ರಿ. ಏ ಹುಡುಗಿ, ಕಾಲಿಗೆ ನೀರು ಕೊಡು. ಊಟಕ್ಕ ಏಳ್ರಿ.'

'ಊಟ ಇರಲಿ. ನಾನು ಆಕಿ ಗಂಡ' ಎಂದು ಆ ಗಂಡಸು ಬಾಯಿ ತೆರೆದ. ಇದಕ್ಕೇ ಕಾದು ನಿಂತಿದ್ದೆ ನಾನು. ಕೈಯಲ್ಲಿದ್ದ ಗಂಗಾಳಕ್ಕೆ ಚಟ್ಟುಗ ತೆಗೆದುಕೊಂಡು ಬಾರಿಸಿದೆ ನೋಡಿ, ಕೋಳಿಗಳು ಸೂರು ಹತ್ತಿದವು. ಪಕ್ಕದ ಮನೆಯವರೂ ಬಡಿದರು. ಅವನು ನಿಲ್ಲಿಸಿದ, ನಾವೂ ನಿಲ್ಲಿಸಿದೆವು. ಅವನ ಅಣ್ಣ 'ನಮ್ಮೂರು' ಅಂದ, ಮತ್ತೆ ಢಣಢಣ. ಆ ಗಂಗಾಳದ ತಗ್ಗು ಇವತ್ತಿಗೂ ಹಾಗೇ ಇದೆ, ಮನೆಗೆ ಬಂದವರಿಗೆಲ್ಲ ತೋರಿಸುತ್ತೇನೆ.

ಕೊನೆಗೆ ಹಿರಿಯ ಇಬ್ಬರನ್ನೂ ಸುಮ್ಮನಿರಿಸಿ ಊಟಕ್ಕೆ ಕೂರಿಸಿದ. ಸಜ್ಜೆ ರೊಟ್ಟಿ, ಹುರುಳಿ ಸಾರು, ಶೇಂಗಾ ಚಟ್ನಿ. ಅಜ್ಜಿ ಬಲವಂತ ಮಾಡಿ ಬಡಿಸಿದಳು. ಉಂಡು ಕೈ ತೊಳೆದ ಮೇಲೆ ಹಿರಿಯ ಕೇಳಿದ, 'ಏನಮ್ಮ ಇದು ಆಟ?'

'ಆಟ ಅಲ್ರಿ. ಬಾಗಲಾಗಿಂದ ಬಂದೋರಿಗೆ ಈ ಕಡಿಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಹೆಸರೂ ಇಲ್ಲ. ಉಣಬಹುದು, ಮಲಗಬಹುದು, ಹೋಗಬಹುದು. ಕೇಳಾಕ ಬರಂಗಿಲ್ಲ. ಆ ಹೆಣ್ಣುಮಗಳೂ ಅದರಾಗಿಂದನ ಬಂದಾಳ. ನಿಮ್ಮಾಕಿ ಆಗಿದ್ರ ಬಾಗಲ ಆ ಕಡಿಗೆ ನಿಂತು ಕರೀರಿ. ತನ್ನ ಕಾಲಿಲೆ ದಾಟಿ ಬಂದ್ರ ಕರ್ಕೊಂಡು ಹೋಗ್ರಿ. ನಾವ್ಯಾರೂ ಅಡ್ಡ ಬರಂಗಿಲ್ಲ.'

ಹಿರಿಯ ಒಪ್ಪಿದ. ಕರೆದರೆ ಬರುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಹತ್ತು ಜನರ ಮುಂದೆ ಗಂಡ ಬಾ ಎಂದರೆ ಹೋಗದೆ ನಿಂತ ಹೆಂಗಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಜ್ಜಿಯ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಚಟ್ಟುಗ ಎಸೆದೆ. ಇಷ್ಟು ದಿನ ಉಣ್ಣಿಸಿ ಈಗ ಬಾವಿಗೆ ಕಳಿಸುತ್ತೀಯಲ್ಲ ಎಂದು ಒದರಿದೆ. ಅಜ್ಜಿ ನನ್ನ ಕಡೆ ನೋಡಲೂ ಇಲ್ಲ. ಒಳಗೆ ಹೋಗಿ ಚಿಕ್ಕವ್ವನ ತಲೆ ಮೇಲೆ ಕೈಯಿಟ್ಟು, 'ಏಳವ್ವ' ಅಂದಳು.

ಹೊತ್ತು ಇಳಿಯುತ್ತಿತ್ತು. ಆ ಮೂವರು ಹೊಸ್ತಿಲು ದಾಟಿ ಆ ಕಡೆ ನಿಂತರು. ಚಿಕ್ಕವ್ವ ಈ ಕಡೆ. ಅಜ್ಜಿ ಆಕೆಯ ಪಕ್ಕ, ದೀಪ ಹಚ್ಚುವ ಹೊತ್ತಾದ್ದರಿಂದ ಕೈಯಲ್ಲಿ ನೀರಿನ ಚೊಂಬು. ಊರೆಲ್ಲ ಹಿಂದೆ ನಿಂತಿತ್ತು.

'ಬಾ, ಮನಿಗೆ ಹೋಗಾಣು' ಎಂದು ಗಂಡ ಕರೆದ. ಎಷ್ಟು ಮೆತ್ತಗಿನ ದನಿ. 'ಏನೂ ಅನ್ನಂಗಿಲ್ಲ, ಬಾ.'

ಚಿಕ್ಕವ್ವ ಮುಂದೆ ನಡೆದಳು. ಹೊಸ್ತಿಲ ತನಕ ಹೋದಳು. ನಾನು ಅವ್ವನ ಸೆರಗು ಬಾಯಿಗೆ ತುರುಕಿಕೊಂಡೆ. ಚಿಕ್ಕವ್ವ ಅಲ್ಲೇ ನಿಂತಳು. ಆಮೇಲೆ ತಿರುಗಿ ಅಜ್ಜಿಯ ಕೈಯಿಂದ ಚೊಂಬು ಇಸಿದುಕೊಂಡು ಹೊಸ್ತಿಲ ಮೇಲೆ ನೀರು ಸುರಿದಳು. ಪೂರ್ತಿ, ಕೊನೆಯ ಹನಿಯ ತನಕ. ಗಂಡನ ಮುಖವನ್ನು ಆಕೆ ನೋಡಲಿಲ್ಲ.

ಅವರಿಗೆ ಅರ್ಥವಾಗಲಿಲ್ಲ. 'ಬಾಗಲು ಮುಚ್ಚೇತಿ, ಇನ್ನ ಹೋಗ್ರಿ' ಅಂದಳು ಅಜ್ಜಿ.

'ಗ್ವಾಡಿನ ಇಲ್ಲ, ಎಂಥಾ ಬಾಗಲು ಇದು' ಎಂದು ಗಂಡನ ಅಣ್ಣ ಕಂಬದ ಬದಿಗೆ ಸರಿದ. ನಿಜ ತಾನೇ, ಸುತ್ತಿ ಬಂದರೆ ಮುಗಿಯಿತು. ಅವನು ಒಂದು ಹೆಜ್ಜೆ ಇಟ್ಟಿದ್ದ ಅಷ್ಟೇ, ದೊಡ್ಡಪ್ಪ ಹೋಗಿ ಕಂಬಕ್ಕೆ ಭುಜ ಹಚ್ಚಿ ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವನ ಪಕ್ಕ ನಮ್ಮಪ್ಪ. ಅಪ್ಪನ ಪಕ್ಕ, ಅಪ್ಪನ ಜೊತೆ ಬದುವಿನ ಜಗಳವಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಎದುರು ಮನೆಯವನು. ಇನ್ನೊಂದು ಕಂಬದ ಬದಿಗೆ ಹೆಂಗಸರು. ಅವ್ವ ನನ್ನನ್ನು ಎಳೆದುಕೊಂಡು ಹೋಗಿ ನಿಂತಳು. ನಡೆಯಲಾರದ ಮುದುಕರೂ ಬಂದು ಕಲ್ಲಿನ ಮೇಲೆ ಕೂತರು. ಮೇದು ಬಂದ ಕುರಿಗಳು ಊರಿಗೆ ಹೋಗಲು ಸಂದಿ ಸಿಗದೆ ನಮ್ಮ ಕಾಲಿನ ಸುತ್ತ ಒತ್ತಿಕೊಂಡು ನಿಂತವು. ಜಾಲಿ ಗಿಡದಿಂದ ಬಂಡೆಯ ತನಕ ಒಂದು ಸಾಲು. ಯಾರೂ ಬೈಯಲಿಲ್ಲ, ಯಾರೂ ಕೋಲು ಎತ್ತಲಿಲ್ಲ. ನನಗೆ ಭಯ ಹೋಗಿ ಖುಷಿಯಲ್ಲಿ ಅಳು ಬಂತು. ಹಿರಿಯ ಈ ತುದಿಯಿಂದ ಆ ತುದಿಯ ತನಕ ನಮ್ಮನ್ನು ನೋಡಿ, 'ನಡೀರಪ್ಪ' ಅಂದ. ಅವರು ಇಳಿದು ಹೋದರು.

ಆಮೇಲೆ ಅಪ್ಪನೂ ದೊಡ್ಡಪ್ಪನೂ ಚಿಕ್ಕವ್ವನನ್ನು ಕರೆದುಕೊಂಡು ಕೂಡ್ಲಿಗಿಗೆ ಹೋಗಿ ಠಾಣೆಯಲ್ಲಿ, ವಕೀಲರ ಹತ್ತಿರ ಏನು ಆಗಬೇಕೋ ಅದನ್ನೆಲ್ಲ ಮಾಡಿಸಿ ಬಂದರು. ಜೀಪಿನಲ್ಲಿ ಬಂದಿದ್ದ ಆ ಮೂವರು ಮತ್ತೆ ಬರಲಿಲ್ಲ. ಚಿಕ್ಕವ್ವ ಊರಲ್ಲೇ ಉಳಿದಳು. ಶಾಲೆಗಳಲ್ಲಿ ಬಿಸಿಯೂಟ ಶುರುವಾದಾಗ ನಮ್ಮೂರ ಶಾಲೆಯ ಅಡುಗೆ ಆಕೆಯದೇ ಆಯಿತು. ಆಕೆಯ ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿಯೇ, ನಾನೇ ಅಭ್ಯಾಸ ಮಾಡಿಸಿದ್ದಂತೆ.

ಅಜ್ಜಿ ಮಾತ್ರ ಬದಲಾದಳು. ಮರುದಿನ ದೀಪ ಹಚ್ಚುವ ಹೊತ್ತಾದರೂ ಮೇಲೆ ಏಳಲಿಲ್ಲ. 'ನೀನ ಹೋಗಿ ನೀರು ಹಾಕಿ ಬಾರವ್ವ' ಎಂದು ಚೊಂಬನ್ನು ಚಿಕ್ಕವ್ವನಿಗೆ ಕೊಟ್ಟಳು. ಮೊಣಕಾಲು ನೋವಿರಬೇಕು ಎಂದುಕೊಂಡೆವು. ಮುಂದಿನ ಸಂತೆಯ ದಿನ ಹೊಸ ಸೀರೆ ಉಟ್ಟು 'ನಾನೂ ಬರ್ತೀನಿ' ಎಂದು ಎಲ್ಲರಿಗಿಂತ ಮೊದಲು ಹೊರಟು ನಿಂತಳು. ಆಮೇಲೆ ಹಿಡಿದವರಿಲ್ಲ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಬಸ್ಸು ಹೋದಲ್ಲೆಲ್ಲ ಅಜ್ಜಿಯೂ ಹೋಗಬೇಕು. ಮೊಣಕಾಲು ನೋವಿನ ಮಾತು ಯಾರೂ ಮತ್ತೆ ಎತ್ತಲಿಲ್ಲ.

ನಾನು ಹರಪನಹಳ್ಳಿಯಲ್ಲಿ ಕಾಲೇಜು ಸೇರಿದ ವರ್ಷ ನನ್ನ ಹಾಸ್ಟೆಲು ನೋಡುತ್ತೇನೆ ಎಂದು ಜೊತೆಗೆ ಬಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಆಕೆಗೇ ಬೇಕು. ಕೊಟ್ಟೂರು ದಾಟಿದ ಮೇಲೆ ಎರಡೂ ಕಡೆ ಮೆಕ್ಕೆಜೋಳ ಎದೆಯುದ್ದ ನಿಂತಿತ್ತು. ಮಂಡಕ್ಕಿ ತಿನ್ನುತ್ತಿದ್ದ ಅಜ್ಜಿ ದೂರದಲ್ಲಿ ಕಾಣುವ ಒಂದು ಊರಿನ ಕಡೆ ಬೆರಳು ತೋರಿಸಿದಳು.

'ಅಕಾ, ಅಲ್ಲಿ ನೋಡು, ಆ ಕಡಿ ಅಂದ್ರ ಅದು' ಅಂದಳು.

ನನಗೆ ತಿಳಿಯಲಿಲ್ಲ.

'ನನ್ನ ಮೊದಲು ಕೊಟ್ಟ ಮನಿ, ಮೊದಲಿನ ಗಂಡಂದು. ಅಲ್ಲಿಂದ ಓಡಿ ಬಂದೆ. ನಡಕೊಂತ ಬಂದು ಆ ಕಂಬಕ್ಕ ಒರಗಿ ನಿಂತಿದ್ದೆ. ನಿಮ್ಮಜ್ಜನ ಅವ್ವ ಕೊಡ ಹೊತ್ಕೊಂಡು ಬಂದಾಕಿ ನೋಡಿದ್ಲು. ಊರಾಗಿನವರು ಯಾವೂರು, ಯಾವ ಪೈಕಿ ಅಂತ ಮುತ್ತಿಕೊಂಡ್ರು. ಆಕಿ ಏನಂದ್ಲು ಗೊತ್ತೇನು? ಬಾಗಲಾಗಿಂದ ಬಂದಾಳ, ಕೇಳಬಾರದು ಅಂದ್ಲು.'

'ಅದಕ್ಕಿಂತ ಮುಂಚೆ ಈ ಕಥಿ ಇರಲಿಲ್ಲೇನು?'

'ಎಲ್ಲಿ ಕಥಿ? ಅದು ಬರೀ ಕಲ್ಲು. ಅವತ್ತ ನಿಂತ ನಿಂತಲ್ಲೇ ಕಟ್ಟಿ ಹೇಳಿದ್ಲು ನಮ್ಮತ್ತಿ. ನೆರಳು, ಕುರಿ, ಉಪ್ಪು, ಅವನ್ನೆಲ್ಲ ಆಮ್ಯಾಲೆ ನಾ ಸೇರಿಸಿದ್ದು.'

ಪಾಳೇಗಾರರ ಕಾಲದ ಮಾತೆಂದು ನಾನು ಅಷ್ಟು ವರ್ಷ ನಂಬಿದ್ದ ಆ ಸೀಮೆ, ಮೆಕ್ಕೆಜೋಳದ ಆಚೆ, ಹಂಚಿನ ಮನೆ, ನೀರಿನ ಟ್ಯಾಂಕು ಇಟ್ಟುಕೊಂಡು ಕೂತಿತ್ತು. ದಿನಾ ನೀರು ಹಾಕುತ್ತಿದ್ದದ್ದು ಇದಕ್ಕೇನಾ ಎಂದು ಕೇಳಿದೆ.

'ಹೂಂ. ನನ್ನ ಹುಡುಕ್ಕೊಂಡು ಯಾರೂ ಬರಲಿಲ್ಲ. ಆದ್ರ ಬಂದ್ರ ಊರು ನಿಲ್ಲತೈತೋ, ಕೈ ಬಿಡತೈತೋ, ನನಗ ಗೊತ್ತಿರಲಿಲ್ಲ. ಮಕ್ಕಳಾದ್ವು, ಮೊಮ್ಮಕ್ಕಳಾದ್ರಿ, ಆದ್ರೂ ಗೊತ್ತಿರಲಿಲ್ಲ. ಅವತ್ತು ನೀವೆಲ್ಲ ಆ ಗಂಡಸರ ಕಡಿ ನೋಡಕೊಂತ ನಿಂತ್ರಿ. ನಾ ತಿರುಗಿ ನಮ್ಮೂರಿನ ಕಡಿ ನೋಡ್ದೆ.'

ಬಸ್ಸು ಆ ಊರಿನ ಕ್ರಾಸಿನಲ್ಲಿ ನಿಂತಿತು. ಒಂದಿಷ್ಟು ಜನ ಹತ್ತಿದರು. ಅಜ್ಜಿಗಿಂತ ವಯಸ್ಸಾದ ಒಬ್ಬ ಮುದುಕ ನಮ್ಮ ಎದುರು ಸೀಟಿನಲ್ಲಿ ಕೂತು, ಉಸಿರು ಹದಕ್ಕೆ ಬಂದ ಮೇಲೆ ಆಕೆಯನ್ನು ನೋಡಿ, ಬಸ್ಸಿನಲ್ಲಿ ಎಲ್ಲರೂ ಕೇಳುವ ಹಾಗೆ ಕೇಳಿದ.

'ಯಾವೂರಮ್ಮ ನಿಮ್ದು?'

ಬಡಿಯಲು ಒಂದು ಗಂಗಾಳ ಸಿಗಬಾರದೇ ಎಂದು ನನ್ನ ಕೈ ಹುಡುಕಿತು. ಅಜ್ಜಿ ಮಡಿಲಿನ ಮಂಡಕ್ಕಿ ಒಂದು ಹಿಡಿ ತೆಗೆದು ಅವನ ಮುಂದೆ ಹಿಡಿದಳು.

'ಗುಡೇಕೋಟಿ ಆಚಿಗೆ, ಗುಡ್ಡದ ಮ್ಯಾಲೆ' ಅಂದಳು. 'ಕಲ್ಲಿನ ಬಾಗಲು ಐತಲ್ಲ, ಅದು ನಮ್ಮೂರು.'